ಅಗ್ನಿಶಾಮಕ ಠಾಣೆಯ ಬಾತುಕೋಳಿಗಳು

ನಮ್ಮೂರಿನಲ್ಲಿ ಬಾಡಿಗೆಗೆ ಮನೆ ಕೇಳಲು ಹೋದರೆ ಮಾಲೀಕರು ಜಾತಿ ಕೇಳುವುದಿಲ್ಲ, ಮಾಂಸ ಮಾಡುತ್ತೀರಾ ಎಂದೂ ಕೇಳುವುದಿಲ್ಲ. "ಮನ್ಯಾಗ ಬಾತುಕೋಳಿ ಎಷ್ಟು ಅದಾವ?" ಎಂದು ಕೇಳುತ್ತಾರೆ. ಇಲ್ಲ ಎಂದರೆ ಮನೆ ಸಿಗುತ್ತದೆ. ಒಂದು ಇದೆ ಎಂದರೆ ಹಿತ್ತಲಿನ ಕೋಣೆ ಸಿಗುತ್ತದೆ. ನಾನು ಅಗ್ನಿಶಾಮಕ ಠಾಣೆಯ ಡ್ರೈವರ್ ಫಕೀರಪ್ಪ ಎಂದು ಹೇಳಿದರಂತೂ ಮುಗಿಯಿತು, ಲೆಕ್ಕದ ಗೋಜಿಗೇ ಹೋಗದೆ ಬಾಗಿಲು ಹಾಕಿಕೊಳ್ಳುತ್ತಾರೆ.

ಬೆಂಕಿಯೋ, ಅಪಘಾತವೋ, ಬಾವಿಗೆ ಬಿದ್ದವರೋ, ಅಂಥದ್ದೇನಾದರೂ ಆದಲ್ಲಿಗೆ ಓಡಿ ಹೋದವರ ಹಿಂದೆ ಒಂದು ಬಾತುಕೋಳಿ ಬರುತ್ತದೆ. ಪ್ರತಿ ಸಲ ಬರುವುದಿಲ್ಲ. ನೋಡಬಾರದ್ದನ್ನು ನೋಡಿದ ದಿನ ಬರುತ್ತದೆ. ನೀವು ಕೆಲಸ ಮುಗಿಸಿ, ಕೈಕಾಲು ತೊಳೆದು, ಮನೆಯ ದಾರಿ ಹಿಡಿದಾಗ ಹಿಂದೆ ಪಚಪಚ ಹೆಜ್ಜೆ ಕೇಳಿಸುತ್ತದೆ. ತಿರುಗಿ ನೋಡಿದರೆ ಅದೂ ನಿಂತು ನಿಮ್ಮನ್ನು ನೋಡುತ್ತದೆ. ಹೊಡೆದು ಓಡಿಸುವುದು, ದೇವರಿಗೆ ಬಿಡುವುದು, ಪಕ್ಕದೂರಿನ ನೆಂಟರಿಗೆ ದಾನ ಮಾಡುವುದು, ಇದೆಲ್ಲ ಆಗಿಹೋಗಿದೆ. ನಮ್ಮ ಫೈರ್‌ಮನ್ ಯಮನೂರಪ್ಪ ತನ್ನದನ್ನು ಸಂತೆಯಲ್ಲಿ ಮಾರಿ, ಬಂದ ಕಾಸಿನಲ್ಲಿ ಬಿಸಿ ಭಜಿ ತಿಂದು ಮನೆಗೆ ಹೋದರೆ ಅದು ಅವನಿಗಿಂತ ಮೊದಲೇ ಬಂದು ಹಾಸಿಗೆಯ ಮೇಲೆ ಕೂತಿತ್ತು. ಕೊಂಡವನು ಮರುದಿನ ಠಾಣೆಗೇ ಬಂದು ಜಗಳ ತೆಗೆದ.

ಹಾಗಂತ ಜನ ಬಾಳುವೆ ಮಾಡುವುದನ್ನೇನೂ ಬಿಟ್ಟಿಲ್ಲ. ಆಂಬ್ಯುಲೆನ್ಸಿನ ನರ್ಸಮ್ಮ ತನ್ನ ಬಾತುವಿಗೆ ಉಣ್ಣೆಯ ಕಾಲುಚೀಲ ಹೆಣೆದು ಹಾಕಿದ್ದಾಳೆ, ಕೆಳಗಿನ ಮನೆಯವರಿಗೆ ತೊಂದರೆಯಾಗಬಾರದೆಂದು. ಈ ಬಾತುಗಳು ಮೊಟ್ಟೆ ಇಡುವುದಿಲ್ಲ. ಇಟ್ಟಿದ್ದರೆ ನಿಮ್ಮ ಇಲಾಖೆಯವರು ಅದನ್ನೂ ಭತ್ಯೆ ಅಂತ ಬರೆದು ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು ಎಂದು ನನ್ನ ಹೆಂಡತಿ ನೀಲವ್ವ ಹೇಳುತ್ತಾಳೆ. ಅವಳು ಹೇಳುವುದರಲ್ಲಿ ಸುಳ್ಳೇನಿಲ್ಲ.

ನನ್ನದು ಒಂದೇ ಬಾತು, ಬೂದು ಬಣ್ಣದ್ದು. ಹಿಟ್ಟಿನ ಗಿರಣಿಯ ಗೋಡೆ ಕುಸಿದ ದಿನ ಬಂದದ್ದು. ಅದಕ್ಕೆ ಮನೆ ಸೇರುತ್ತಿರಲಿಲ್ಲ, ಫೈರ್ ಇಂಜಿನ್ನಿನಲ್ಲಿ ನನ್ನ ಸೀಟಿನ ಕೆಳಗೇ ಠಿಕಾಣಿ ಹೂಡಿತ್ತು. ನಾನು ಮೂರನೇ ಗೇರಿಗೆ ಹಾಕಿದೆನೋ, ಕ್ವ್ಯಾಕ್ ಎಂದು ಕಿರುಚುತ್ತಿತ್ತು. ಎರಡರಲ್ಲಿ ಸುಮ್ಮನೆ, ನಾಲ್ಕರಲ್ಲಿ ಸುಮ್ಮನೆ. ಮೂರು ಅದಕ್ಕೆ ಯಾಕೆ ಆಗಿಬರಲಿಲ್ಲವೋ ಆ ದೇವರಿಗೇ ಗೊತ್ತು. ಎರಡರಿಂದ ಸೀದಾ ನಾಲ್ಕಕ್ಕೆ ಹಾರಿಸಲು ಹೋಗಿ ಒಮ್ಮೆ ಪೋಸ್ಟ್ ಆಫೀಸಿನ ಮುಂದೆ ಬಂಡಿ ಕೆಮ್ಮಿ ಆಫ್ ಆಯಿತು. ಬೆಂಕಿಗೆ ಹೊರಟ ಬಂಡಿಯನ್ನು ಸ್ಟ್ಯಾಂಪ್ ತೆಗೆದುಕೊಳ್ಳಲು ಬಂದವರು ತಳ್ಳಬೇಕಾಯಿತು.

ಈ ಸುದ್ದಿ ನಮ್ಮ ಠಾಣಾಧಿಕಾರಿ ಚನ್ನವೀರಗೌಡರ ಕಿವಿಗೆ ಬಿತ್ತು. ಗೌಡರೆಂದರೆ ಊರಿಗೇ ಹೆಮ್ಮೆ. ಕೆಲಸದಲ್ಲೇ ಮೀಸೆ ಬೆಳ್ಳಗಾದ ಮನುಷ್ಯ, ಅವರು ನೋಡದ ಬೆಂಕಿಯಿಲ್ಲ, ಇಳಿಯದ ಬಾವಿಯಿಲ್ಲ. ಆದರೆ ಒಂದೇ ಒಂದು ಬಾತುಕೋಳಿ ಅವರ ಹಿಂದೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. "ಗಟ್ಟಿ ಗುಂಡಿಗಿ ಇದ್ದವ್ನ ಹಿಂದ ಬಾತು ಬರೂದಿಲ್ಲ" ಎಂದು ಅವರೇ ಹೇಳುತ್ತಿದ್ದರು. ಶಾಲೆಯವರು ಆಗಸ್ಟ್ ಹದಿನೈದಕ್ಕೆ ಧ್ವಜ ಹಾರಿಸಲು ಅವರನ್ನೇ ಕರೆಯುತ್ತಿದ್ದರು, ಮಕ್ಕಳಿಗೆ ಧೈರ್ಯವೆಂದರೆ ಏನೆಂದು ತೋರಿಸಲು. ರಜೆ ಹಾಕಿದವರಲ್ಲ. ಮನೆಗೂ ಹೋಗುತ್ತಿರಲಿಲ್ಲ, ಠಾಣೆಯ ಹಿಂದೆ ನಿಂತ ಹಳೇ ಬಂಡಿಯಲ್ಲೇ ಮಲಗುತ್ತಿದ್ದರು, ಮನೆಯಿಂದ ಬುತ್ತಿ ಬರುತ್ತಿತ್ತು. ಮಗಳ ಮದುವೆಯಲ್ಲಿ ಅಕ್ಕಿಕಾಳು ಹಾಕಿ ಊಟಕ್ಕೂ ಕೂಡದೆ ಠಾಣೆಗೆ ಓಡಿ ಬಂದಿದ್ದರು. ಇದೆಂಥ ಕರ್ತವ್ಯನಿಷ್ಠೆ ಎಂದು ನಾವು ಬೆರಗಾಗಿ ಮಾತಾಡಿಕೊಂಡಿದ್ದೆವು.

ಗೌಡರು ನನ್ನನ್ನು ಕರೆದು, "ಫಕೀರಪ್ಪ, ಉಗಾದಿಯೊಳಗ ನಿನ್ನ ಬಾತು ಹೋಗಬೇಕು. ಹೋಗ್ಲಿಲ್ಲಂದ್ರ ಸ್ಟೇರಿಂಗ್ ಬ್ಯಾರೇದವ್ರ ಕೈಗೆ. ನೀ ನಗರಸಭಿ ಕಸದ ಗಾಡಿ ಹೊಡ್ಕೊಂಡ ಇರು" ಎಂದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಅವತ್ತು ಬರಲಿಲ್ಲ. ನಾಚಿಕೆ ಬಂತು. ಆ ಸ್ಟೇರಿಂಗ್ ಎಂದರೆ ನನಗೆ ಪ್ರಾಣ. ಕಸದ ಗಾಡಿ ಕೀಳು ಎಂದಲ್ಲ, ಅದನ್ನು ಹೊಡೆಯುವ ನನ್ನ ಭಾವ ನನಗಿಂತ ನೆಮ್ಮದಿಯಾಗಿದ್ದಾನೆ. ಆದರೆ ಗಂಟೆ ಬಾರಿಸಿಕೊಂಡು ಹೋಗುವಾಗ ಇಡೀ ಊರು ಪಕ್ಕಕ್ಕೆ ಸರಿದು ದಾರಿ ಬಿಡುವುದಿದೆಯಲ್ಲ, ಅದನ್ನು ಕಂಡವನಿಗೆ ಬೇರೆ ಯಾವ ಗಾಡಿಯೂ ರುಚಿಸುವುದಿಲ್ಲ. ಗಂಡಸಾಗಿ ಒಂದು ಬಾತುವನ್ನು ಕಳಿಸಲಾರದೆ ಹೋದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಅದೇ ವಾರ ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು. ಸಿಬ್ಬಂದಿಗೆ ಮಾನಸಿಕ ಆರೋಗ್ಯದ ತರಬೇತಿ, ಎಲ್ಲರ ಹಾಜರಿ ಕಡ್ಡಾಯ. "ನಮ್ಗೇನು ತಲಿ ಕೆಟ್ಟೈತೇನು?" ಎಂದು ಯಮನೂರಪ್ಪ ಕೇಳಿದ. ಅವನ ಹೆಗಲ ಮೇಲೆ ಕೂತಿದ್ದ ಬಾತು ಅವನ ಕಿವಿ ಕಚ್ಚಿತು.

ತರಬೇತಿಗೆ ಬಂದವರು ಮೆಹರುನ್ನೀಸಾ ಮೇಡಂ. ಅವರನ್ನು ಕರೆತರಲು ನಾನೇ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ದೊಡ್ಡ ಡಾಕ್ಟರು, ಕನ್ನಡಕ, ಲ್ಯಾಪ್‌ಟಾಪು ಎಂದೆಲ್ಲ ಊಹಿಸಿದ್ದೆ. ಬಸ್ಸಿನಿಂದ ಮೊದಲು ಒಂದು ಬಾತು ಇಳಿಯಿತು, ಅದರ ಹಿಂದೆ ಇನ್ನೊಂದು, ಮತ್ತೊಂದು. ಕೊನೆಗೆ ಮೇಡಂ ಇಳಿದು, ಕಂಡಕ್ಟರನ ಜೊತೆ ಜಗಳ ಮುಂದುವರಿಸಿದರು.

"ಅರ್ಧ ಟಿಕೆಟ್ ಯಾಕ್ರೀ ಕೊಟ್ರಿ? ಅವು ಸೀಟಲ್ಲಿ ಕೂತವಾ?"

"ಒಂದು ಕಿಡಕಿ ಬಾಜೂಕ ಕುಂತಿತ್ರಿ" ಎಂದ ಕಂಡಕ್ಟರ್.

ಅವರು ಹಿಂದೆ ಆಂಬ್ಯುಲೆನ್ಸಿನಲ್ಲಿ ಕೆಲಸ ಮಾಡಿದವರಂತೆ. ನನಗೆ ಅರ್ಧ ಖುಷಿ, ಅರ್ಧ ಅನುಮಾನ. ತನ್ನ ಬಾತುಗಳನ್ನೇ ಕಳಿಸಲಾಗದವರು ನನ್ನದನ್ನು ಉಗಾದಿಯೊಳಗೆ ಹೇಗೆ ಕಳಿಸಿಯಾರು? ದಾರಿಯಲ್ಲೇ ಕೇಳಿಬಿಟ್ಟೆ.

"ಕೆಲವು ಹೋಗ್ತವೆ ಫಕೀರಪ್ಪನೋರೆ, ಕೆಲವು ಹೋಗಲ್ಲ" ಎಂದರು. "ನನ್ನವು ಮೂರೂ ಇವೆ. ಆದರೆ ರಾತ್ರಿ ಅವೂ ನಿದ್ದೆ ಮಾಡ್ತವೆ, ನಾನೂ ಮಾಡ್ತೀನಿ. ಅಷ್ಟು ಸಾಕಲ್ವಾ?"

ನನಗೆ ಸಾಕಾಗಿರಲಿಲ್ಲ. ನನಗೆ ಬೇಕಾಗಿದ್ದದ್ದು ಸ್ಟೇರಿಂಗ್.

ತರಬೇತಿ ಎಂದರೆ ಭಾಷಣ, ಆಮೇಲೆ ಉಪ್ಪಿಟ್ಟು ಎಂದು ತಿಳಿದಿದ್ದೆವು. ಉಪ್ಪಿಟ್ಟೇನೋ ಇತ್ತು, ಭಾಷಣ ಇರಲಿಲ್ಲ. ಮೇಡಂ ನಮ್ಮನ್ನು ಜೋಡಿ ಜೋಡಿಯಾಗಿ ಕೂರಿಸಿ ಒಬ್ಬೊಬ್ಬರ ಕೈಗೂ ಒಂದೊಂದು ಕಪ್ ಚಹಾ ಕೊಟ್ಟರು. ಒಬ್ಬ ತನ್ನ ಬಾತು ಬಂದ ದಿನದ ಕತೆ ಹೇಳಬೇಕು. ಇನ್ನೊಬ್ಬ ಚಹಾ ಮುಗಿಯುವವರೆಗೆ ಕೇಳಿಸಿಕೊಳ್ಳಬೇಕು. ಸಮಾಧಾನ ಹೇಳಬಾರದು, ಬುದ್ಧಿ ಹೇಳಬಾರದು, ನನಗೂ ಹಾಗೇ ಆಗಿತ್ತು ಎಂದು ತನ್ನ ಪುರಾಣ ಬಿಚ್ಚಬಾರದು. ಬಾಯಿ ಬಿಟ್ಟರೆ ಕಪ್ಪು ವಾಪಸ್. ಬೆಂಕಿ ಆರಿಸಿ ಬಂದ ಮೇಲೆ ಪೈಪು ಸುತ್ತಿಡುವುದಕ್ಕೂ ಮೊದಲು ಹೀಗೆ ಕೂರುವುದೇ ಇನ್ನು ಮುಂದಿನ ರೂಢಿ ಎಂದರು.

ಇಷ್ಟು ಸುಲಭದ ಕೆಲಸಕ್ಕೆ ಸರ್ಕಾರ ಬಸ್ ಚಾರ್ಜು ಕೊಟ್ಟಿತಲ್ಲ ಎಂದುಕೊಂಡೆ. ಯಮನೂರಪ್ಪ ನನ್ನ ಜೋಡಿ. ಅವನು, "ಅವತ್ತ ಲಾರಿ ಕೆಳಗ..." ಎಂದು ಶುರು ಮಾಡಿದ್ದೇ ತಡ, "ಅದಕ್ಕ ನೀ ಒಂದು ಕೆಲಸ ಮಾಡು, ಹನುಮಪ್ಪನ ಗುಡಿಗೆ ಹೋಗಿ" ಎಂದೆ. ಮೇಡಂ ಬಂದು ಕಪ್ಪು ಕಿತ್ತುಕೊಂಡು ಹೋದರು. ಎರಡನೇ ಸಲ ನಾನು ಗುಡಿಯ ಸುದ್ದಿ ಎತ್ತಲಿಲ್ಲ, ಲಿಂಬೆಹಣ್ಣಿನ ಸುದ್ದಿ ಎತ್ತಿದೆ. ಮೂರನೇ ಸಲ ಬರೀ "ಹೋಗ್ಲಿ ಬಿಡೋ" ಎಂದೆ, ಅದಕ್ಕೂ ಕಪ್ಪು ಹೋಯಿತು. ತರಬೇತಿಯ ಅರ್ಧ ಭಾಗ ನಾನು ಚಹಾ ಇಲ್ಲದೆ ತಲೆನೋವಿನಲ್ಲೇ ಕಳೆದೆ. ಬೆಂಕಿಯೊಳಗೆ ಬಂಡಿ ನುಗ್ಗಿಸಬಲ್ಲೆ, ಬಾಯಿ ಮುಚ್ಚಿಕೊಂಡು ಕೂರಲಾರೆ ಎಂದು ನನಗೆ ಗೊತ್ತಾದದ್ದೇ ಆಗ.

ಕೊನೆಗೆ ನನ್ನ ಸರದಿಯೂ ಬಂತು. ಗಿರಣಿಯ ಕತೆ ಹೇಳಿದೆ. ಗೋಡೆಯ ಕೆಳಗೆ ಒಬ್ಬರು ಮುದುಕರಿದ್ದರು, ಕಲ್ಲು ಸರಿಸುವವರೆಗೆ ನನ್ನ ಕೈ ಹಿಡಿದುಕೊಂಡೇ ಇದ್ದರು. "ನನ್ನ ಹಿಟ್ಟು ಚೆಲ್ಲಿತೇನಪಾ?" ಎಂದು ಕೇಳಿದರು. ಸುತ್ತಲೂ ಹಿಟ್ಟೇ ಹಿಟ್ಟು. ನಾನು ಇಲ್ಲ ಯಜ್ಜಾ, ಹಂಗ ಐತಿ ಎಂದೆ. ಅವರು ಒಳ್ಳೇದಾತು ಎಂದರು. ಆಮೇಲೆ ಏನೂ ಹೇಳಲಿಲ್ಲ. ಇಷ್ಟೇ ಕತೆ. ಇದನ್ನು ನಾನು ನೀಲವ್ವನಿಗೂ ಹೇಳಿರಲಿಲ್ಲ. ಹೇಳುವಾಗ ನನಗೆ ಅಳು ಬಂತು, ಅತ್ತೆ. ಯಮನೂರಪ್ಪ ತಣ್ಣಗಾದ ಚಹಾವನ್ನು ಕುಡಿಯುತ್ತಲೇ ಇದ್ದ, ಕಪ್ಪು ಖಾಲಿಯಾದ ಮೇಲೂ ಕುಡಿಯುತ್ತಲೇ ಇದ್ದ.

ಮರುದಿನ ಮೂರನೇ ಗೇರಿಗೆ ಹಾಕಿದಾಗ ಬಾತು ಕಿರುಚಲಿಲ್ಲ. ಆದರೆ ಸೀಟಿನ ಕೆಳಗಿಂದ ಹೋಗಲೂ ಇಲ್ಲ. ಮೇಡಂ ಗೌಡರ ಹತ್ತಿರ ಹೋಗಿ ಆ ಉಗಾದಿಯ ರೂಲು ಸರಿಯಲ್ಲ ಎಂದು ವಾದಿಸಿದರು. "ನನ್ನ ಠಾಣೆ, ನನ್ನ ರೂಲು" ಎಂದರು ಗೌಡರು. ತರಬೇತಿಯುದ್ದಕ್ಕೂ ಅವರು ಹೊರಗೇ ಇದ್ದರು, ಹಳೇ ಬಂಡಿಯನ್ನು ಉಜ್ಜುತ್ತ, ಅದರ ಇಂಜಿನ್ ಸುಮ್ಮನೆ ಗುರುಗುಟ್ಟಿಸುತ್ತ. ಆ ಬಂಡಿಯನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅದರ ಟ್ಯಾಂಕಿನ ನೀರನ್ನೂ ಅವರೇ ಬದಲಿಸುತ್ತಿದ್ದರು.

ಉಗಾದಿ ಎರಡು ದಿನ ಇದೆ ಎನ್ನುವಾಗ ಮಟಮಟ ಮಧ್ಯಾಹ್ನ ಪೀರಾಸಾಬನ ಗಾದಿ ಅಂಗಡಿಗೆ ಬೆಂಕಿ ಬಿತ್ತು. ಹತ್ತಿಯ ಬೆಂಕಿ, ಆರಿದಂತೆ ಕಂಡು ಒಳಗೊಳಗೇ ಹರಿಯುವಂಥದ್ದು. ಮಾಳಿಗೆಯ ಮೇಲೆ ಪೀರಾಸಾಬನ ತಾಯಿ ಇದ್ದಳು. ಗೌಡರು ಏಣಿ ಹತ್ತಿ, ಹೊಗೆಯೊಳಗೆ ಹೋಗಿ, ಮುದುಕಿಯನ್ನು ಹೆಗಲ ಮೇಲೆ ಹೊತ್ತು ತಂದರು. ಅವಳು ಎಲೆಯಡಿಕೆ ಸಂಚಿ ಮೇಲೇ ಉಳಿಯಿತೆಂದು ಅವರ ಬೆನ್ನಿಗೆ ಗುದ್ದುತ್ತಿದ್ದಳು. ಗೌಡರು ಮತ್ತೆ ಹತ್ತಿ ಸಂಚಿಯನ್ನೂ ತಂದರು. ಆ ಮನುಷ್ಯನ ಗುಂಡಿಗೆಯ ಬಗ್ಗೆ ನಾನು ಇವತ್ತಿಗೂ ಒಂದು ಕೊಂಕು ಮಾತು ಆಡಲಾರೆ.

ಅಷ್ಟರಲ್ಲಿ ಬಂಡಿಯ ನೀರು ಖಾಲಿಯಾಯಿತು. ಬೆಂಕಿ ಪಕ್ಕದ ಬಟ್ಟೆ ಅಂಗಡಿಯ ಕಡೆ ನೋಡುತ್ತಿತ್ತು. "ಹಳೇ ಬಂಡಿ ತರ್ತೇನ್ರಿ" ಎಂದು ಕೂಗಿದೆ.

"ಬ್ಯಾಡ!" ಎಂದರು ಗೌಡರು ಏಣಿಯ ಮೇಲಿಂದ. "ಅದನ್ನ ಮುಟ್ಟಬ್ಯಾಡ್ರಿ! ಯಾರೂ ಮುಟ್ಟಬ್ಯಾಡ್ರಿ!"

ನನಗೆ ಆಗ ಬಂತು ನೋಡಿ ಸಿಟ್ಟು. ಊರು ಸುಡುತ್ತಿರುವಾಗ ಬಂಡಿಯ ಬಣ್ಣ ಹಾಳಾಗುತ್ತದೆಂಬ ಚಿಂತೆಯೇ ಈ ಮನುಷ್ಯನಿಗೆ ಎಂದು, ಯಾರದೋ ಸೈಕಲ್ ಹತ್ತಿ ಠಾಣೆಗೆ ಹೋಗಿ ಹಳೇ ಬಂಡಿಯನ್ನು ತಂದೇಬಿಟ್ಟೆ. ತಿರುವಿನಲ್ಲೆಲ್ಲ ಟ್ಯಾಂಕಿನೊಳಗೆ ಏನೋ ಉರುಳಾಡಿದಂತಾಗುತ್ತಿತ್ತು. ಪೈಪು ಜೋಡಿಸಿ ವಾಲ್ವ್ ತಿರುವಿದೆ. ಪೈಪು ಒಮ್ಮೆ ಉಬ್ಬಿತು, ಕೆಮ್ಮಿತು, ಯಮನೂರಪ್ಪನ ಮುಖದ ತುಂಬ ಪುಕ್ಕ ಉಗುಳಿತು, ನಿಂತಿತು.

ಮೇಲೆ ಹತ್ತಿ ಟ್ಯಾಂಕಿನ ಮುಚ್ಚಳ ತೆಗೆದೆ. ಒಳಗಿನ ಕತ್ತಲೆಯಿಂದ ಬಾತುಗಳು ನನ್ನನ್ನು ನೋಡಿದವು. ಆಮೇಲೆ ಒಂದೊಂದಾಗಿ ಹೊರಗೆ ಬಂದವು. ಬಿಳಿಯವು, ಕಂದು, ಕುಂಟುವವು, ಬಹಳ ಮುಪ್ಪಾದವು. ಮುಗಿಯಿತು ಎಂದುಕೊಂಡರೆ ಇನ್ನೂ ಬರುತ್ತಿದ್ದವು. ಬಂಡಿಯಿಂದ ಧೊಪ್ಪನೆ ಇಳಿದು, ಬೆಂಕಿ ನೋಡಲು ನೆರೆದಿದ್ದ ಜನರ ಕಾಲ ಸಂದಿಯಲ್ಲಿ ನುಸುಳಿ, ನೆಟ್ಟಗೆ ಏಣಿಯ ಬುಡಕ್ಕೆ ಹೋಗಿ ಕತ್ತೆತ್ತಿ ನಿಂತವು. ಏಣಿಯ ಮೇಲೆ ಗೌಡರಿದ್ದರು.

ಪೀರಾಸಾಬನ ತಾಯಿ ಎಲೆಗೆ ಸುಣ್ಣ ಹಚ್ಚುತ್ತ, "ಅಬಬಬಾ, ಇಷ್ಟೂ ಒಬ್ಬನ್ವೇ?" ಎಂದಳು.

ಬೆಂಕಿಯನ್ನು ಕೊನೆಗೆ ನಗರಸಭೆಯ ನೀರಿನ ಟ್ಯಾಂಕರ್ ಮತ್ತು ಓಣಿಯ ಕೊಡಗಳು ಸೇರಿ ಆರಿಸಿದವು. ಗೋಡೆ ಉಳಿಯಿತು, ಬಟ್ಟೆ ಅಂಗಡಿ ಉಳಿಯಿತು, ಒಂದು ಗಾದಿಯೂ ಉಳಿಯಲಿಲ್ಲ.

ಠಾಣೆಗೆ ಬಂದ ಮೇಲೆ ಗೌಡರು ಮೆಟ್ಟಿಲ ಮೇಲೆ ಕೂತು, ಟೊಪ್ಪಿಗೆ ತೆಗೆದು ಪಕ್ಕಕ್ಕಿಟ್ಟು, ಬಂಡಿಯ ಕೀಲಿಯನ್ನು ನನ್ನ ಕೈಗೆ ಕೊಟ್ಟರು. "ಸ್ಟೇರಿಂಗ್ ನಿಂದ ಫಕೀರಪ್ಪ. ಬಾತಿನ ಸಲುವಾಗಿ ಯಾರ ಮಾತೂ ಕೇಳಬ್ಯಾಡ. ನಾ ಹೊಂಟೆ" ಎಂದರು. ಅವರ ಸುತ್ತ ಬಾತುಗಳು ಮೈ ಕೊಡವುತ್ತಿದ್ದವು.

ಖುಷಿಯಾಗಬೇಕಿತ್ತು. ಆಗಲಿಲ್ಲ, ಮೈಯೆಲ್ಲ ಉರಿಯಿತು. "ನಿಮ್ಮ ಮುಖಾ ನೋಡಿ ನೋಡಿ ನಾ ನಾಚಿಕಿಲೆ ಸತ್ತೇನ್ರಿ!" ಎಂದೆ. "ಒಂದು ಬಾತು ಐತಂತ ಹೇಳಿ ಹೆಂಡ್ತಿ ಮುಂದ ಸೈತ ಗಿರಣಿ ಸುದ್ದಿ ತೆಗೀಲಿಲ್ಲ. ನೀವು ನೋಡಿದ್ರ ಟ್ಯಾಂಕ್ ತುಂಬ ಇಟ್ಕೊಂಡು, ಗುಂಡಿಗಿ ಗಿಂಡಿಗಿ ಅಂತ ನಮ್ಗ..." ಇನ್ನೂ ಬಹಳ ಹೇಳುವುದಿತ್ತು. ಅಷ್ಟರಲ್ಲಿ, ಉಗಾದಿಯವರೆಗೆ ಊರಲ್ಲೇ ಉಳಿದಿದ್ದ ಮೆಹರುನ್ನೀಸಾ ಮೇಡಂ ಬಂದು ನನ್ನ ಕೈಗೆ ಒಂದು ಕಪ್ ಚಹಾ ಕೊಟ್ಟರು, ಗೌಡರಿಗೂ ಕೊಟ್ಟರು. ನನ್ನನ್ನೊಮ್ಮೆ ನೋಡಿದರು. ನಾನು ಕೂತೆ. ತುಟಿಗಳನ್ನು ಕಪ್ಪಿಗೆ ಅಂಟಿಸಿಕೊಂಡೆ.

ಗೌಡರು ಒಂದು ಗುಟುಕು ಚಹಾ ಕುಡಿದರು. ಆಮೇಲೆ ಹೇಳಿದರು. "ಮೊದಲ್ನೇದು ಬಂದಾಗ ಆಗಿನ ಸಾಹೇಬ್ರು ನಕ್ರು. ಎಲ್ಲಾರ ಮುಂದ ನಕ್ರು. ಅದನ್ನ ಟ್ಯಾಂಕಿನ್ಯಾಗ ಬಿಟ್ಟೆ. ಎರಡು ದಿನದ ಮಟ್ಟಿಗೆ ಅಂತ ಬಿಟ್ಟೆ. ಆದ್ರ ಒಂದನ್ನ ಮುಚ್ಚಿಟ್ಟ ಮ್ಯಾಲ ಎರಡ್ನೇದನ್ನ ಹೊರಗ ಹ್ಯಾಂಗ ಇಡ್ಲಿ?" ನಾನು ಚಹಾ ಕುಡಿದೆ. "ನಾ ಬಹಳ ಹೊತ್ತು ದೂರ ಹ್ವಾದ್ರ ಒದರ್ತಾವು. ಅದಕ್ಕ ಮನಿಗೆ ಹೋಗಾಕ ಬರೂದಿಲ್ಲ. ಮನ್ಯಾಗ ಮಲಗಿ ಎಷ್ಟ ವರ್ಷಾತು ಅನ್ನೂದು ನಂಗ ನೆನಪಿಲ್ಲ. ಮಗಳ ಮದವಿ ದಿನ ಬ್ಯಾಂಡಿನ ಸಪ್ಪಳದಾಗೂ ಇವುಗಳ ದನೀನ ಕೇಳಾಕ ಹತ್ತಿತ್ತು."

ಬಾಯಿಯೊಳಗೆ ಮಾತುಗಳು ಒಂದರ ಮೇಲೊಂದು ಬಂದು ನಿಂತವು. ಹೋಗ್ಲಿ ಬಿಡ್ರಿ ಎನ್ನಬೇಕೆನಿಸಿತು, ಹನುಮಪ್ಪನ ಗುಡಿ ಕೂಡ ನೆನಪಾಯಿತು. ಎಲ್ಲವನ್ನೂ ಚಹಾದ ಜೊತೆ ನುಂಗಿದೆ. ಅಷ್ಟು ಕಷ್ಟದ ಕೆಲಸ ನಾನು ಬಂಡಿಯಲ್ಲಿ ಕೂತು ಯಾವತ್ತೂ ಮಾಡಿಲ್ಲ.

ಚಹಾ ಮುಗಿದ ಮೇಲೆ ಮೇಡಂ, "ಈಗ ಎಲ್ಲಿಗೆ ಹೋಗ್ತೀರಿ?" ಎಂದು ಕೇಳಿದರು.

"ಕೆನಾಲ್ ದಂಡಿ ಹಿಡ್ದು ಎಲ್ಲೆರ ಹೋಗ್ತೇನ್ರಿ. ಯಾರೂ ಇರದಲ್ಲಿ."

"ಮನೆಗೇ ಹೋಗಬಹುದಲ್ಲ."

"ಮನಿಗೆ ಹೋಗಬೇಕಂದ್ರ ಬಜಾರ ದಾಟಬೇಕ್ರಿ ಮೇಡಮ್ಮಾರ" ಎಂದರು ಗೌಡರು. ಸುಡುವ ಮಾಳಿಗೆಗೆ ಎರಡು ಸಲ ಹತ್ತಿದ ಮನುಷ್ಯ ಬಜಾರಿಗೆ ಹೆದರುತ್ತಿದ್ದ.

ಚಹಾ ಮುಗಿದಿತ್ತು, ಹಾಗಾಗಿ ನನಗೆ ಬಾಯಿ ತೆರೆಯುವ ಹಕ್ಕಿತ್ತು. "ನೀವು ಮುಂದ ನಡೀರಿ" ಎಂದೆ. "ನಾ ಹಳೇ ಬಂಡಿ ತಗೊಂಡು ಹಿಂದ ಬರ್ತೇನಿ. ಯಾವನೆರ ನಕ್ಕಂದ್ರ ಪೈಪಿಲೆ ಹೊಡೀತೇನಿ. ನೀರಿಲ್ಲ ಖರೆ, ಪುಕ್ಕ ಅದಾವು."

ಗೌಡರ ಮೀಸೆ ಸ್ವಲ್ಪ ಅಲುಗಿತು. ಟೊಪ್ಪಿಗೆ ಹಾಕಿಕೊಂಡು ಎದ್ದರು.

ಹೀಗೆ ಹೊರಟೆವು. ಮುಂದೆ ಗೌಡರು, ಅವರ ಹಿಂದೆ ರಸ್ತೆಯ ತುಂಬ ಬಾತುಗಳು, ಆ ಬಾತುಗಳ ಹಿಂದೆ ಒಂದನೇ ಗೇರಿನಲ್ಲಿ ನಾನು. ಯಮನೂರಪ್ಪ ಗಂಟೆ ಬಾರಿಸಲು ಹೋದ, ಬೇಡ ಎಂದೆ. ಬಜಾರಿನಲ್ಲಿ ಜನ ಕೈಯ ಕೆಲಸ ಬಿಟ್ಟು ನೋಡಿದರು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡವನು ನೊರೆಯ ಸಮೇತ ಬಾಗಿಲಿಗೆ ಬಂದ. ಬಾಳೆಹಣ್ಣಿನ ಗಾಡಿಯ ಹತ್ತಿರ ಒಬ್ಬ ಕಿಸಕ್ಕನೆ ನಕ್ಕ. ಗೌಡರ ಕತ್ತು ಹಿಂದಿನಿಂದಲೇ ಕೆಂಪಾದದ್ದು ನನಗೆ ಕಂಡಿತು. ಅವರ ಹೆಜ್ಜೆ ನಿಧಾನವಾಯಿತು, ಇನ್ನೇನು ಪಕ್ಕದ ಸಂದಿಗೆ ಹೊರಳಿಬಿಡುತ್ತಾರೆ ಅನಿಸಿತು.

ಆಗ ಚುರುಮುರಿ ಮಾರುವ ಕಾಶವ್ವ ತನ್ನ ಬುಟ್ಟಿಯ ಹಿಂದಿನಿಂದ ಎದ್ದು ಬಂದು ಅವರ ದಾರಿಗೆ ಅಡ್ಡ ನಿಂತಳು. ಅವಳ ಮಗ ಕಲ್ಲುಗಣಿಯ ನೀರಿಗೆ ಬಿದ್ದು ಹೋದದ್ದು ನಾನು ಕೆಲಸಕ್ಕೆ ಸೇರುವುದಕ್ಕೂ ಮುಂಚೆ, ಮೇಲೆ ತಂದವರು ಗೌಡರೇ. ಊರಿನಲ್ಲಿ ಆ ಸುದ್ದಿಯನ್ನು ಈಗ ಯಾರೂ ಆಡುವುದಿಲ್ಲ, ಅವಳೂ ಆಡುವುದಿಲ್ಲ. ಅವಳು ಬಾತುಗಳನ್ನು ಒಂದೊಂದಾಗಿ ನೋಡಿದಳು.

"ಗೌಡ್ರ" ಎಂದಳು, "ನಮ್ಮ ಸೋಮೂಂದು ಯಾವ್ದರಿ?"

ಗೌಡರು ಹುಡುಕಲೂ ಇಲ್ಲ. "ಅಗೋ, ಕುತ್ತಿಗಿ ಮ್ಯಾಲ ಚುಕ್ಕಿ ಇರೂದು. ಅದು ಒಂದ ಕಡೆ ನಿಲ್ಲೂದಿಲ್ಲವ್ವಾ. ಯಾವಾಗ್ಲೂ ಎಲ್ಲಾವುಕಿಂತ ಮುಂದ."

"ಹೂಂ. ಅಂವಾನೂ ಹಂಗ ಇದ್ದ" ಎಂದಳು ಕಾಶವ್ವ.

ಅವಳು ನೆಲದ ಮೇಲೆ ಕೂತು ಅಂಗೈಯಲ್ಲಿ ಚುರುಮುರಿ ಹಿಡಿದಳು. ಚುಕ್ಕಿಯ ಬಾತು ಬಂದು ತಿಂದಿತು. "ಇಷ್ಟ ವರ್ಷ ನಾ ಒಬ್ಬಾಕೀನ ನೆನಸ್ತೇನಿ ಅಂತ ತಿಳ್ಕೊಂಡಿದ್ದೆ ನೋಡ್ರಿ" ಎಂದಳು, ತಲೆ ಎತ್ತದೆ.

ಗೌಡರು ಬಜಾರಿನ ನಟ್ಟನಡುವೆ, ಯೂನಿಫಾರ್ಮಿನಲ್ಲೇ, ಅವಳ ಎದುರು ನೆಲಕ್ಕೆ ಕೂತು ಅತ್ತರು. ನಕ್ಕವನೂ ಸೇರಿ ಯಾರೂ ಅಲ್ಲಾಡಲಿಲ್ಲ. ನಾನು ಇಂಜಿನ್ ಆಫ್ ಮಾಡಿ ಕೆಳಗಿಳಿದೆ. ಹಿಂದೆ ನಿಂತ ಬಸ್ಸಿನವನು ಹಾರ್ನ್ ಹೊಡೆದು ಹೊಡೆದು ಸಾಕಾಗಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, ಬೆಂಕಿ ಎಲ್ಲಿ ಬಿದ್ದೈತಿ ಎಂದು ಕೇಳಿದ.

"ಎಲ್ಲೂ ಬಿದ್ದಿಲ್ಲಪಾ" ಎಂದೆ. "ಗೌಡ್ರು ಮನಿಗೆ ಹೊಂಟಾರ. ಸ್ವಲ್ಪ ತಡ ಆಗ್ತೈತಿ."